ಗಾಡಿ ಅಕ್ಕ ಗಾಡಿ ಹತ್ತಿದ್ದು

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಗಾಡಿ ಅಕ್ಕ ಎಂದೇ ಕರೆಯುತ್ತಿದ್ದರು. ಹೆರಿಗೆ ವಾರ್ಡಿನಿಂದ ಆಪರೇಷನ್ ಕೋಣೆಗೆ, ಅಲ್ಲಿಂದ ಮತ್ತೆ ಹಾಸಿಗೆಗೆ ಸ್ಟ್ರೆಚರನ್ನೋ ಗಾಲಿಕುರ್ಚಿಯನ್ನೋ ತಳ್ಳಿಕೊಂಡು ಹೋಗುವುದು ಅವಳ ಕೆಲಸ. ಲಿಫ್ಟಿನ ಸಂದು ದಾಟುವಾಗ ಹೊಲಿಗೆ ಹಾಕಿಸಿಕೊಂಡವರ ಹೊಟ್ಟೆ ಕುಲುಕಬಾರದು ಎಂಬುದು ಅವಳ ಹಟ. “ಗಾಡಿ ಅಕ್ಕ ಬರಲಿ, ಆಮೇಲೆ ಹೋಗ್ತೀನಿ” ಎಂದು ಕಾದು ಮಲಗುತ್ತಿದ್ದ ಬಾಣಂತಿಯರೂ ಇದ್ದರು.

ವಾರ್ಡಿನಲ್ಲಿ ಕೆಲಸಕ್ಕಿದ್ದ ಹೆಂಗಸರು ಆಗಾಗ ಗುಂಪು ಕಟ್ಟಿಕೊಂಡು ಎಲ್ಲಾದರೂ ಸುತ್ತಾಡಿ ಬರುತ್ತಿದ್ದರು. “ನೀವು ಹೋಗಿ ಬನ್ನಿ, ಡ್ಯೂಟಿ ನಾನು ನೋಡ್ಕೋತೀನಿ” ಎಂದು ಪ್ರತಿಸಲವೂ ಹಿಂದೆ ನಿಲ್ಲುತ್ತಿದ್ದವಳು ಇವಳು. ಹೀಗೆ ನಿಂತು ನಿಂತು ನಿವೃತ್ತಿಯೂ ಬಂತು, ಮೊಣಕಾಲೂ ಕೈಕೊಟ್ಟಿತು. ಉಳಿದವರೂ ಒಬ್ಬೊಬ್ಬರಾಗಿ ನಿವೃತ್ತರಾಗಿ, ಪರದೇಶಕ್ಕೆ ಹೋಗಿ ಹಿಮದ ಬೆಟ್ಟ ನೋಡಿಬರೋಣ ಎಂದು ಮಾತಾದಾಗ, ಹಿಂದೆ ಹೆಡ್ ನರ್ಸ್ ಆಗಿದ್ದ ದೊಡ್ಡ ಸಿಸ್ಟರ್ ಅವಳ ಮನೆಗೇ ಬಂದು ಕೂತರು.

“ನೀನು ಬಂದ್ರೆ ಹೊರಡೋದು. ಇಲ್ಲ ಅಂದ್ರೆ ಯಾರೂ ಹೊರಡಲ್ಲ. ಎಲ್ರೂ ಮಾತಾಡ್ಕೊಂಡಾಗಿದೆ.”

“ಈ ಕಾಲಲ್ಲಿ ಎಲ್ಲಿಗೆ ಸಿಸ್ಟರ್? ನಿಮಗೇ ಹೊರೆ ಆಗ್ತೀನಿ.”

“ನಮ್ಮ ಪಾಳಿ ಎಲ್ಲ ನೀನು ಹೊತ್ತಾಗ ನಾವೇನಾದ್ರೂ ಅಂದ್ವಾ? ಸುಮ್ನೆ ಚೀಲ ಜೋಡಿಸು.”

ಚೀಲ ಜೋಡಿಸಿದ್ದು ಸೊಸೆ. ಚಳಿಗೆಂದು ಬೂದು ಬಣ್ಣದ ಸ್ವೆಟರನ್ನೂ ಅವಳೇ ತಂದಳು. “ಅತ್ತೆ, ಅಲ್ಲಿ ಹೋಗಿ ಹೋಟೆಲಿನವರ ಬೆಡ್‌ಶೀಟ್ ಬದಲಾಯಿಸ್ತಾ ನಿಂತ್ಕೋಬೇಡಿ” ಎಂದು ನಗಾಡಿ ಕಳಿಸಿಕೊಟ್ಟಳು.

ಪ್ರಯಾಣವೆಂದರೆ ಇಷ್ಟು ಉದ್ದವಿರುತ್ತದೆ ಎಂದು ಗಾಡಿ ಅಕ್ಕನಿಗೆ ಗೊತ್ತಿರಲಿಲ್ಲ. ಒಂದು ವಿಮಾನ ಇಳಿದು ಗಂಟೆಗಟ್ಟಲೆ ಕಾದು ಇನ್ನೊಂದು ಹತ್ತುವುದು, ಅದನ್ನು ಇಳಿದು ಮತ್ತೆ ಕಾಯುವುದು. ಕಾಲು ಚಾಚಲು ಜಾಗವಿಲ್ಲ. ಪಾದ ಊದಿ ಚಪ್ಪಲಿಯ ಪಟ್ಟಿ ಚರ್ಮಕ್ಕೆ ಕಚ್ಚಿಕೊಂಡಿತ್ತು. ಹೊರಗೆ ಬೆಳಕಿದ್ದರೂ ಅದು ಯಾವ ಊರಿನ ಯಾವ ಹೊತ್ತು ಎಂದು ತಿಳಿಯುತ್ತಿರಲಿಲ್ಲ. ಆದರೂ ಕಿಟಕಿಯಾಚೆ ಮೋಡದ ಬಯಲು ಕಂಡಾಗ ಮನಸ್ಸಿನಲ್ಲೇ ಕೈಮುಗಿದಳು. ಇಷ್ಟನ್ನಾದರೂ ತೋರಿಸಿದೆಯಲ್ಲ ತಂದೆ, ಅಂದುಕೊಂಡಳು.

ಅವಳಿಗೆಂದು ದೊಡ್ಡ ಸಿಸ್ಟರ್ ಎಲ್ಲ ವಿಮಾನ ನಿಲ್ದಾಣಗಳಲ್ಲೂ ಗಾಲಿಕುರ್ಚಿಗೆ ಹೇಳಿಟ್ಟಿದ್ದರು. ಕುರ್ಚಿ ಬರುತ್ತಿತ್ತು, ಇವಳು ಮಾತ್ರ ಕೂರುತ್ತಿರಲಿಲ್ಲ. “ನಾನೇನು ಪೇಷಂಟಾ?” ಎಂದು ಎಲ್ಲರ ಕೈಚೀಲಗಳನ್ನೂ ಅದರಲ್ಲಿ ಹೇರಿ ತಾನೇ ತಳ್ಳುತ್ತಿದ್ದಳು. ಹಿಡಿಕೆಯ ಮೇಲೆ ಭಾರ ಬಿಟ್ಟರೆ ಮೊಣಕಾಲಿಗೂ ಹಾಯೆನಿಸುತ್ತಿತ್ತು. ಕುರ್ಚಿ ತಂದ ನೌಕರರು ನಕ್ಕು, ಅದನ್ನು ಅವಳಿಗೇ ಬಿಟ್ಟು ಹೋಗುತ್ತಿದ್ದರು.

ಕೊನೆಯ ವಿಮಾನಕ್ಕೆ ಕಾಯುತ್ತಿದ್ದಾಗ ಉಳಿದವರು ಮುಖ ತೊಳೆಯಲು ಹೋದರು. ಆಸ್ಪತ್ರೆಯ ಅಡುಗೆಮನೆಯಲ್ಲಿದ್ದ ಅಡುಗೆ ಅಕ್ಕ ಚೀಲಗಳನ್ನು ಕಾಲ ಕೆಳಗಿಟ್ಟುಕೊಂಡು ಬಾಯಿ ತೆರೆದು ನಿದ್ದೆಹೋಗಿದ್ದಳು. ಗಾಡಿ ಅಕ್ಕ ಖಾಲಿ ಕುರ್ಚಿಯ ಹಿಡಿಕೆ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಅಲ್ಲಿ ಕುರ್ಚಿ ತಳ್ಳುವವರೆಲ್ಲ ತಾನು ತೊಟ್ಟಂಥದೇ ಬೂದು ಬಣ್ಣದ ಸ್ವೆಟರ್ ತೊಡುತ್ತಾರೆಂಬುದನ್ನು ಅವಳು ಗಮನಿಸಿರಲಿಲ್ಲ. ಅಧಿಕಾರಿಯೊಬ್ಬ ಮುದುಕಿಯೊಬ್ಬಳನ್ನು ತೋಳು ಹಿಡಿದು ಕರೆತಂದ. ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಟಿಕೆಟಿನಲ್ಲಿದ್ದ ಗೇಟಿನ ನಂಬರಿಗೆ ಬೆರಳಿಟ್ಟು, ಏನೋ ಹೇಳಿ ಹೋಗಿಯೇಬಿಟ್ಟ.

ಬೇಡ ಎನ್ನಬೇಕಿತ್ತು. ಆದರೆ ಕುರ್ಚಿಯಲ್ಲಿ ಯಾರಾದರೂ ಕೂತರೆ ಗಾಡಿ ಅಕ್ಕನ ಕೈ ತಾನಾಗಿ ಬ್ರೇಕು ಬಿಡುತ್ತದೆ. ಕೂತವರನ್ನು ಎಬ್ಬಿಸಿ ಅವಳಿಗೆ ಅಭ್ಯಾಸವಿರಲಿಲ್ಲ.

“ಇವರನ್ನ ಬಿಟ್ಟು ಬಂದೆ” ಎಂದು ಮಲಗಿದ್ದ ಅಡುಗೆ ಅಕ್ಕನಿಗೆ ಹೇಳಿ ಹೊರಟಳು.

ಗೇಟುಗಳು ಒಂದಾದ ಮೇಲೊಂದು ಬರುತ್ತಲೇ ಇದ್ದವು, ಆ ನಂಬರು ಮಾತ್ರ ಬರಲಿಲ್ಲ. “ಕಾಲು ಒಳಗಿಟ್ಕೊಳ್ಳಿ ಅಜ್ಜಿ, ತಿರುವು ಬಂತು” ಎಂದರೆ ಅಜ್ಜಿ ತನ್ನ ಭಾಷೆಯಲ್ಲಿ ಏನೋ ಹೇಳುತ್ತಿದ್ದಳು. “ಹೌದೌದು, ನಂಗೂ ಮೊಮ್ಮಕ್ಕಳಿದ್ದಾರೆ” ಎಂದು ಇವಳು. ಅಂತೂ ಕಟ್ಟಡದ ತುದಿಯಲ್ಲಿ ಗೇಟು ಸಿಕ್ಕಿತು. ಅಜ್ಜಿ ಅವಳ ಅಂಗೈಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡಳು. ಗೇಟಿನವರು ಅಜ್ಜಿಯನ್ನು ಕುರ್ಚಿ ಸಮೇತ ಒಳಗೆ ಕರೆದೊಯ್ದರು.

ಊರುಗೋಲಿನಂತಿದ್ದ ಹಿಡಿಕೆ ಕೈಬಿಟ್ಟಾಗಲೇ ಗಾಡಿ ಅಕ್ಕನಿಗೆ ತನ್ನ ಕಾಲಿನ ಅವಸ್ಥೆ ಅರಿವಾದದ್ದು. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಮೊಣಕಾಲು ಮಡಚಲಾರದೆ ಕಂಬದಂತಾಯಿತು. ಗೋಡೆಗೆ ಒರಗಿದಳು. ತನ್ನ ವಿಮಾನ ಹೊರಡುವ ಹೊತ್ತು ಹತ್ತಿರವಾಗಿದೆ ಎಂದು ಗೊತ್ತಿತ್ತು. ದೊಡ್ಡ ಸಿಸ್ಟರ್ ಆಡಿದ ಮಾತಿಗೆ ತಪ್ಪುವವರಲ್ಲ ಎಂಬುದೂ ಗೊತ್ತಿತ್ತು. ಇವಳು ಬಾರದೆ ಅವರು ವಿಮಾನ ಹತ್ತುವುದಿಲ್ಲ, ಅವರು ಹತ್ತದಿದ್ದರೆ ಇನ್ನಾರೂ ಹತ್ತುವುದಿಲ್ಲ. ದೇವರೇ, ನಾನು ಇಲ್ಲೇ ಉಳಿದ್ರೂ ಸರಿ, ನನ್ನಿಂದ ಅವರೆಲ್ಲ ಉಳಿಯೋ ಹಾಗೆ ಮಾಡಬೇಡ, ಎಂದು ಬೇಡಿಕೊಂಡಳು.

ನೆಲ ಒರೆಸುತ್ತಿದ್ದ ಹೆಂಗಸೊಬ್ಬಳು ಕೋಲನ್ನು ಬಕೆಟ್ಟಿಗೆ ಒರಗಿಸಿ ಹತ್ತಿರ ಬಂದಳು. ಇವಳದೇ ವಯಸ್ಸಿರಬೇಕು, ತಲೆ ನೆರೆತಿತ್ತು. ಗಾಡಿ ಅಕ್ಕ ಸ್ವೆಟರಿನ ಜೇಬಿನಿಂದ ಟಿಕೆಟು ತೆಗೆದು ತೋರಿಸಿದಳು. ಹೆಂಗಸು ಅದನ್ನು ನೋಡಿದಳು, ಗೋಡೆಯ ಗಡಿಯಾರ ನೋಡಿದಳು, ಓಡಿದಳು. ಮರಳಿ ಬಂದಾಗ ಎಲ್ಲಿಂದಲೋ ಒಂದು ಗಾಲಿಕುರ್ಚಿ ತಂದಿದ್ದಳು. ಕೂರು ಎಂದು ಕೈಸನ್ನೆ ಮಾಡಿದಳು.

ಗಾಡಿ ಅಕ್ಕ ಕೂತಳು.

ಆ ಹೆಂಗಸು ತಳ್ಳಿದ ರೀತಿಯನ್ನು ಗಾಡಿ ಅಕ್ಕ ಇವತ್ತಿಗೂ ಬಾಯ್ತುಂಬ ಹೊಗಳುತ್ತಾಳೆ. ಓಡುತ್ತಿದ್ದಳು, ಆದರೆ ಎದುರಿಗೆ ಮಗು ಬಂದರೆ ಗಾಳಿಯಂತೆ ಪಕ್ಕಕ್ಕೆ ಸರಿಯುತ್ತಿದ್ದಳು. ತಳ್ಳುವವರ ಉಸಿರು ಕೂತವರ ನೆತ್ತಿಗೆ ತಾಗುತ್ತದೆ ಎಂಬುದು ಗಾಡಿ ಅಕ್ಕನಿಗೆ ಅಂದು ಮೊದಲ ಸಲ ಗೊತ್ತಾಯಿತು. ಕೂತವರಿಗೆ ಮಾಡಲು ಏನೂ ಇರುವುದಿಲ್ಲ, ನಂಬುವುದೊಂದೇ. ಎಷ್ಟು ಜನ ನನ್ನನ್ನು ಹೀಗೆ ನಂಬಿ ಕಣ್ಣು ಮುಚ್ಚಿ ಮಲಗಿದ್ದರಪ್ಪ ಎಂದುಕೊಂಡಳು.

ಗೇಟಿನಲ್ಲಿ ದೊಡ್ಡ ಸಿಸ್ಟರ್ ಬಾಗಿಲಿಗೆ ಅಡ್ಡ ನಿಂತು ನೌಕರನನ್ನು ವಾರ್ಡಿನ ದನಿಯಲ್ಲಿ, ಶುದ್ಧ ಕನ್ನಡದಲ್ಲಿ ತರಾಟೆಗೆ ತೆಗೆದುಕೊಂಡಿದ್ದರು. “ಒಬ್ರು ಬರೋದಿದೆ ಅಂದ್ರೆ ಬರೋದಿದೆ. ಬಾಗಿಲು ಹಾಕು ನೋಡೋಣ.” ಅವರ ಹಿಂದೆ ಉಳಿದವರೆಲ್ಲ ಗೋಡೆ ಕಟ್ಟಿದಂತೆ ನಿಂತಿದ್ದರು. ಒಬ್ಬರೂ ಒಳಗೆ ಹೋಗಿರಲಿಲ್ಲ.

“ಎಲ್ಲಿ ಹಾಳಾಗಿ ಹೋಗಿದ್ದೆ?” ದೊಡ್ಡ ಸಿಸ್ಟರ್ ಕಣ್ಣಲ್ಲಿ ನೀರಿತ್ತು.

“ಡ್ಯೂಟಿ ಬಂತು ಸಿಸ್ಟರ್.”

“ರಿಟೈರ್ ಆದ್ಮೇಲೂ ಓವರ್‌ಟೈಮ್ ಮಾಡ್ತಾಳೆ ನೋಡಿ ಈ ಪುಣ್ಯಾತ್ಗಿತ್ತಿ” ಎಂದಳು ಅಡುಗೆ ಅಕ್ಕ. ನಿದ್ದೆಹೋದ ತಪ್ಪಿಗೆ ಅಷ್ಟು ಹೊತ್ತೂ ಬೈಸಿಕೊಂಡು ಅವಳ ಮುಖ ಸಣ್ಣಗಾಗಿತ್ತು.

ಗಾಡಿ ಅಕ್ಕ ಹಿಂತಿರುಗಿ ಆ ಹೆಂಗಸಿಗೆ ಕೈಮುಗಿದಳು. ಆಕೆ ಏದುಸಿರು ಬಿಡುತ್ತಲೇ ಇವಳ ಕೆನ್ನೆ ತಟ್ಟಿ, ಬಿಟ್ಟುಬಂದ ಬಕೆಟ್ಟಿನ ಕಡೆ ಓಡಿದಳು. ಹೆಸರು ಕೇಳುವಷ್ಟೂ ಪುರುಸೊತ್ತಾಗಲಿಲ್ಲ. ದೇವರಿಗೆ ಅವಳ ಗುರುತು ಇದ್ದೇ ಇರುತ್ತದೆ ಎನ್ನುತ್ತಾಳೆ ಗಾಡಿ ಅಕ್ಕ.

ಏಳಲು ಹೋದವಳ ಹೆಗಲನ್ನು ದೊಡ್ಡ ಸಿಸ್ಟರ್ ಒತ್ತಿಹಿಡಿದರು. ಅವಳೂ ಏಳಲಿಲ್ಲ. ವಿಮಾನದೊಳಗಿನ ಸೀಟಿನವರೆಗೆ ಯಾರೋ ತೋಳು ಹಿಡಿದರು, ಯಾರೋ ಊದಿದ ಕಾಲಿನಿಂದ ಚಪ್ಪಲಿ ಕಳಚಿದರು. ಬಾಗಿಲು ಮುಚ್ಚಿತು. ಹೊರಗೆ ಉಳಿದವರು ಯಾರೂ ಇರಲಿಲ್ಲ.

“ಸಿಸ್ಟರ್, ಒಂದು ಲೋಟ ನೀರು ತರಿಸಿಕೊಡ್ತೀರಾ?” ಎಂದಳು ಗಾಡಿ ಅಕ್ಕ.

ಹೀಗೆ ಏನನ್ನಾದರೂ ಅವಳು ಕೇಳಿದ್ದನ್ನು ಅವರಾರೂ ಕಂಡಿರಲಿಲ್ಲ. ಆ ಕಡೆಯಿಂದ, ಈ ಕಡೆಯಿಂದ, ಹಿಂದಿನ ಸಾಲಿನಿಂದ, ನೀರಿನ ಬಾಟಲಿ ಹಿಡಿದ ಕೈಗಳು ಒಟ್ಟಿಗೇ ಅವಳತ್ತ ಚಾಚಿಕೊಂಡವು.