ನೀಲಕಂಠಪ್ಪನವರು ಬಿಟ್ಟುಕೊಟ್ಟ ಸಿದ್ಧಾಂತ

ಒಂದು ಮನೆಯ ಖರ್ಚಿನ ಲೆಕ್ಕ ಕೈಗೆ ಹತ್ತುವುದೇ ಕಷ್ಟವಾಗಿರುವಾಗ, ಇಡೀ ದೇಶದ ಬೆಲೆ, ಉದ್ಯೋಗ, ಉತ್ಪಾದನೆಗಳನ್ನು ಒಟ್ಟಾಗಿ ನೋಡುವ ಸಮಗ್ರ ಅರ್ಥಶಾಸ್ತ್ರವನ್ನೇ ಕಾಯಕವಾಗಿಸಿಕೊಂಡವರು ಡಾ. ನೀಲಕಂಠಪ್ಪ ಹಂಚಿನಾಳರು. ಮುಂಬಯಿ ಕನ್ನಡಿಗರಲ್ಲಿ ಹೋಟೆಲು ಕಟ್ಟಿದವರುಂಟು, ಸಂಘ ಕಟ್ಟಿದವರುಂಟು. ಹಣದುಬ್ಬರದ ಅಧ್ಯಯನದಲ್ಲಿ ಶಿಷ್ಯಪರಂಪರೆಯನ್ನೇ ಕಟ್ಟಿದವರು ಇವರು. ಈ ವರ್ಷ ಅವರು ನಿವೃತ್ತರಾಗುತ್ತಾರೆಂದರೆ ಮನೆಯವರೇ ನಂಬುತ್ತಿಲ್ಲ.

ವಿಜಯಪುರದಿಂದ ಬಂದ ತರುಣ ನೀಲಕಂಠಪ್ಪನವರು ಗ್ರಾಂಟ್ ರೋಡಿನ ಲಾಜಿನಲ್ಲಿದ್ದು ವಿಲೆ ಪಾರ್ಲೆಯ ಕಾಲೇಜೊಂದರಲ್ಲಿ ಪಾಠ ಹೇಳಿದರು. ಮುಂದೆ ವಿಶ್ವವಿದ್ಯಾಲಯ ಸೇರಿದರು. ದೋಸೆಯ ದರ ಏಕೆ ಏರಿತೆಂದು ಉಡುಪಿ ಹೋಟೆಲಿನ ಗಲ್ಲೆಯಲ್ಲಿ ಕೂತು ಹಣ ಎಣಿಸುವವರ ತಲೆ ತಿಂದದ್ದೂ ಉಂಟು. ಇಂಗ್ಲಿಷಿಗೆ ಹೆದರಿ ಮೂಲೆ ಹಿಡಿದಿದ್ದ ಮಂಗಳೂರಿನ ಶಿಷ್ಯೆ ನಿಶ್ಮಿತಾಳಿಂದ ಕನ್ನಡದಲ್ಲೇ ಪ್ರಬಂಧ ಮಂಡಿಸಿ, ಪಕ್ಕದಲ್ಲಿ ನಿಂತು ಸಾಲುಸಾಲಾಗಿ ಇಂಗ್ಲಿಷಿಗೆ ತಂದವರು ಅವರೇ.

ಅವರಿಗೆ ಹೆಸರು ತಂದ ಸಿದ್ಧಾಂತ ಸರಳವಾದುದು. ಆಹಾರದ ಬೆಲೆ ಏರಿದರೆ ಬಾಡಿಗೆ, ಬಟ್ಟೆ, ಶುಲ್ಕಗಳೂ ಏರುತ್ತವೆ. ಹಾಗೆ ಹಬ್ಬುವ ವೇಗ ಒಂದು ನಿರ್ದಿಷ್ಟ ವರ್ಷದಿಂದೀಚೆಗೆ ಹಠಾತ್ತನೆ ಹೆಚ್ಚಿದೆ ಎಂದು ಅವರು ತೋರಿಸಿದ್ದರು. ಅದು ಪಠ್ಯಪುಸ್ತಕಗಳನ್ನೂ ಸೇರಿತು.

ಅವರಲ್ಲಿ ಸಂಶೋಧನೆಗೆ ಬಂದವರಿಗೆ ಒಂದು ಕಟ್ಟಳೆಯಿತ್ತು. ಹೊಸದನ್ನು ಮುಟ್ಟುವ ಮೊದಲು ಗುರುಗಳದೇ ಹಳೆಯ ಪ್ರಬಂಧವೊಂದರ ಲೆಕ್ಕವನ್ನು ಬುಡದಿಂದ ತಿರುಗಿ ಮಾಡಬೇಕು. ಬೆಳಗಾವಿ ಮೂಲದ, ಗೋರೆಗಾಂವ್‌ನಲ್ಲೇ ಬೆಳೆದ ಶುಭಾಂಗಿಯ ಪಾಲಿಗೆ ಬಂದದ್ದು ಈ ಪ್ರಸಿದ್ಧ ಪ್ರಬಂಧ. ಬೆಲೆ ಸೂಚ್ಯಂಕವನ್ನು ಯಾವ ವರ್ಷಕ್ಕೆ ಹೋಲಿಸಿ ಅಳೆಯುತ್ತಾರೋ ಆ ಆಧಾರ ವರ್ಷ ಬದಲಾದಾಗ ಹಳೆಯ ಸರಣಿಗೂ ಹೊಸ ಸರಣಿಗೂ ಬೆಸುಗೆ ಹಾಕಬೇಕಾಗುತ್ತದೆ. ಆ ಬೆಸುಗೆಗೆ ಇಡೀ ವರ್ಷದ ಸರಾಸರಿ ಹಿಡಿಯಬೇಕಾದಲ್ಲಿ ನೀಲಕಂಠಪ್ಪನವರು ಒಂದೇ ತಿಂಗಳನ್ನು ಹಿಡಿದಿದ್ದರು. ಆ ತಿಂಗಳು ಈರುಳ್ಳಿ ಬೆಲೆ ಮುಗಿಲು ಮುಟ್ಟಿದ್ದರಿಂದ, ಜೋಡಿಸಿದ ಸರಣಿ ಅಲ್ಲಿಂದಾಚೆ ದಾರಿ ತಪ್ಪಿತ್ತು. ಹಠಾತ್ತನೆ ಹೆಚ್ಚಿದ ವೇಗ ಮಾರುಕಟ್ಟೆಯದಲ್ಲ, ಬೆಸುಗೆಯದು!

ಶುಭಾಂಗಿ ಹೆದರಿದಳು. ಈ ಮರುಲೆಕ್ಕದ ಅಧ್ಯಾಯವನ್ನೇ ಕಿತ್ತುಹಾಕಿ ತನ್ನ ಮಹಾಪ್ರಬಂಧ ತಂದಳು. ಗುರುಗಳು ಕೇಳಿದರು: "ಆ ಅಧ್ಯಾಯ ಯಾಕ ತಗದೀ?"

"ಸರ್, ನಿಮ್ದು ರಿಸಲ್ಟ್ ಗಲತ್ ಅಂತ ನಾನು ಕೈಸೇ ಬರೀಲಿ?" ಎಂದು ಕಣ್ಣು ತುಂಬಿಕೊಂಡು ಎಲ್ಲವನ್ನೂ ಹೇಳಿದಳು.

ಅವರು ಅವಳ ಲೆಕ್ಕದ ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದರು. ಮುಂದಿನ ತಿಂಗಳೇ ಅರ್ಥಶಾಸ್ತ್ರಜ್ಞರ ಸಮ್ಮೇಳನದಲ್ಲಿ ಇದೇ ಸಿದ್ಧಾಂತದ ಮೇಲೆ ಪ್ರಧಾನ ಉಪನ್ಯಾಸ ಕೊಡುವವರಿದ್ದರು. ಹುಡುಗಿ ತಾನಾಗಿಯೇ ಸುಮ್ಮನಾಗಿದ್ದಾಳೆ. ತಾವೂ ಸುಮ್ಮನಿದ್ದರೆ ಕೇಳುವವರಿಲ್ಲ. ಹಾಗೊಂದು ಆಸೆ ತಮಗೆ ಬಂದದ್ದು ನಿಜವೆಂದು ಅವರೇ ನಗುತ್ತ ಹೇಳುವುದುಂಟು. ಊಟದ ತಟ್ಟೆ ಮುಂದಿಟ್ಟುಕೊಂಡು ಕೂತವರಿಂದ ಸಂಗತಿ ಹೊರಡಿಸಿದ ಪತ್ನಿ ಚನ್ನವ್ವನವರು ಬಿಡಲಿಲ್ಲ.

"ನನ್ನ ಪಲ್ಯಾಕ್ಕ ಉಪ್ಪಿಲ್ಲಂದ್ರ ನಾಕ್ ಮಂದಿ ಮುಂದ ಹೇಳ್ತೀರಿ. ನಿಮ್ಮ ಲೆಕ್ಕಕ್ಕ ಉಪ್ಪಿಲ್ಲಂತ ಆ ಹುಡುಗಿ ಹೇಳಿದ್ರ ಏನಾತು?"

ಸಮ್ಮೇಳನದಲ್ಲಿ ನೀಲಕಂಠಪ್ಪನವರು ತಮ್ಮ ಲೆಕ್ಕದ ನಕ್ಷೆಯನ್ನು ತೋರಿಸಿದರು, ಅದರ ಪಕ್ಕದಲ್ಲಿ ಶುಭಾಂಗಿಯದನ್ನು ತೋರಿಸಿದರು. "ಇವೆರಡರಲ್ಲಿ ನನ್ನದು ತಪ್ಪು" ಎಂದರು. ಮುಂದಿನ ಸಾಲಿನಲ್ಲಿ ಯಾರೋ ನಕ್ಕದ್ದು ಕೇಳಿಸಿತು. ಆದರೂ ಮಿಕ್ಕ ಉಪನ್ಯಾಸವನ್ನು ಅವಳಿಂದಲೇ ಮಾಡಿಸಿ, ತಾವು ಸಭಿಕರ ನಡುವೆ ಹೋಗಿ ಕೂತರು. ಅಧ್ಯಾಯ ಮಹಾಪ್ರಬಂಧಕ್ಕೆ ಮರಳಿತು, ಅವಳೊಬ್ಬಳ ಹೆಸರಿನಲ್ಲೇ ಪ್ರಕಟವಾಯಿತು. ಅಂಥ ಗುರುವಿಗೆ ಎಷ್ಟು ಕೈಮುಗಿದರೂ ಕಡಿಮೆಯೇ.

ಈಗ ಪ್ರಾಧ್ಯಾಪಕಿಯಾಗಿರುವ ಶುಭಾಂಗಿ ಬೆಲೆಗಳ ಬಗ್ಗೆ ಹೊಸ ಅಧ್ಯಯನ ಕೈಗೊಂಡಿದ್ದಾರೆ. ಅದರಲ್ಲಿ ಸಹಾಯಕರಾಗಿ ದುಡಿಯಲು ನಿವೃತ್ತರಾಗಲಿರುವ ನೀಲಕಂಠಪ್ಪನವರು ಅರ್ಜಿ ಹಾಕಿದ್ದಾರೆ. ಅವರಿಗೆ ನೂರು ವರ್ಷದ ಆಯುಸ್ಸು, ಕೈತುಂಬ ಕೆಲಸ, ಜೊತೆಗೆ ಎದುರು ನಿಂತು ತಪ್ಪು ಹೇಳುವ ಶಿಷ್ಯರು ದೊರೆಯಲಿ.