ಕೈಗೆ ಕೊಟ್ಟ ಚಾಕು

ತುಮಕೂರಿನ ಮಂಡಿಪೇಟೆಯಲ್ಲಿ ನನ್ನದೊಂದು ಅಂಗಡಿ ಇದೆ. ಮಚ್ಚು, ಕುಡುಗೋಲು, ಈಳಿಗೆಮಣೆ, ಚಾಕು ಇವೇ ಸರಕು. ನಮ್ಮಪ್ಪ ಇಟ್ಟ ಅಂಗಡಿ, ಮೂವತ್ತೊಂದು ವರ್ಷದಿಂದ ನಾನು ಕೂರುತ್ತಿದ್ದೇನೆ. ಗಿರಾಕಿಯ ಮುಖ ನೋಡಿದರೆ ಏನು ಬೇಕೆಂದು ಹೇಳಬಲ್ಲೆ ಎಂಬ ಜಂಬ ನನಗಿತ್ತು. ಮಡಚುವ ಚಾಕು ಕೇಳುವವರಲ್ಲಿ ಅರ್ಧ ಜನ ಮೊಬೈಲಿನಲ್ಲಿ ಯಾವುದೋ ವಿಡಿಯೊ ನೋಡಿಕೊಂಡು ಬಂದಿರುತ್ತಾರೆ. ಪಟ್ ಅಂತ ತೆರೆಯಬೇಕು, ಕಪ್ಪಗಿರಬೇಕು, ಜೇಬಿಗೆ ಸಿಕ್ಕಿಸಿದರೆ ನಾಲ್ಕು ಜನಕ್ಕೆ ಕಾಣಬೇಕು. ಏನು ಕುಯ್ಯುತ್ತೀಯಪ್ಪ ಎಂದರೆ ತಲೆ ಕೆರೆದುಕೊಳ್ಳುತ್ತಾರೆ. ಅಂಥವರಿಗೆ ಸ್ಟಾಕ್ ಇಲ್ಲ ಎಂದು ಹೇಳಿ ಕಳಿಸುವುದೂ ಉಂಟು.

ಬಸವಲಿಂಗಮ್ಮ ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ಭಾನುವಾರ ನಾನು ಮಧ್ಯಾಹ್ನದವರೆಗೆ ಮಾತ್ರ ಬಾಗಿಲು ತೆಗೆದಿರುತ್ತೇನೆ. ಐವತ್ತರ ಆಸುಪಾಸಿನ ಸಣಕಲು ಹೆಂಗಸು, ಸೀರೆಯ ಮೇಲೆ ಗಂಡಸರ ತುಂಬುತೋಳಿನ ಶರ್ಟು, ರಜೆಯ ದಿನವೂ ತಲೆಯಲ್ಲಿ ತೆಂಗಿನ ನಾರಿನ ಪುಡಿ. ನಾನು ಕೇಳುವ ಮೊದಲೇ ಒಂದು ಈಳಿಗೆಮಣೆ ತೆಗೆದು ಮುಂದಿಟ್ಟೆ.

"ಅದಲ್ಲ ಕಣಣ್ಣ. ಮಡಚೋ ಚಾಕು. ಒಂದೇ ಕೈಲಿ ಬಿಚ್ಚಂಗಿರ್‌ಬೇಕು. ಎಡಗೈಲಿ."

ನನಗೆ ನಗು ಬಂತು. "ಯಾರನ್ನಮ್ಮ ಹೆದರಿಸ್ಬೇಕು?"

ಆಕೆ ನಗಲಿಲ್ಲ. "ಕೆಲಸಕ್ಕೆ. ನಮ್ಮುಡುಗಿಗೆ. ನಾಳೆಯಿಂದ ಮಿಷನ್ ತಾವ ನಿಂತ್ಕೋತಾಳೆ. ಚಾಕು ಇಟ್ಕಂಡು ಓಡಾಡ್ದೋಳಲ್ಲ, ಇದೇ ಮೊದ್ಲು. ಸೊಂಟದಲ್ಲಿ ದಿನಾ ಇರೋ ಅಂಥದ್ದು ಕೊಡಿ."

ಗುಬ್ಬಿಯ ಹತ್ತಿರದ ಒಂದು ನಾರಿನ ಫ್ಯಾಕ್ಟರಿಯಲ್ಲಿ ಆಕೆಗೆ ಕೆಲಸ. ಫ್ಯಾಕ್ಟರಿ ಅಂದರೆ ದೊಡ್ಡದೇನಲ್ಲ, ನಾಲ್ಕು ಶೀಟಿನ ಶೆಡ್ಡು. ತೆಂಗಿನ ಸಿಪ್ಪೆಯಿಂದ ತೆಗೆದ ನಾರನ್ನು ತಿರುಚಿ ಹಗ್ಗ ಮಾಡುವ ಎರಡು ಮಿಷನ್. ಮದುವೆಯಾಗಿ ಆರು ವರ್ಷಕ್ಕೆ ಗಂಡ ತೀರಿಹೋದ, ಮಕ್ಕಳಿಲ್ಲ. ಆ ಶೆಡ್ಡಿಗೆ ಸೇರಿ ಹತ್ತೊಂಬತ್ತು ವರ್ಷ. ಇಷ್ಟನ್ನು ಆಕೆ ಚಾಕುಗಳನ್ನು ಒಂದೊಂದಾಗಿ ನೋಡುತ್ತಲೇ ಹೇಳಿದಳು, ಯಾರದೋ ಸುದ್ದಿ ಹೇಳುವ ಹಾಗೆ.

ಚಾಕು ನೋಡುವ ರೀತಿ ಮಾತ್ರ ನಾನು ಈ ಮೂವತ್ತೊಂದು ವರ್ಷದಲ್ಲಿ ಕಂಡದ್ದಲ್ಲ. ಬಲಗೈಯನ್ನು ಶರ್ಟಿನ ಕಾಲರಿನೊಳಗೆ ತೂರಿಸಿ ಕುತ್ತಿಗೆಗೆ ಒತ್ತಿ ಹಿಡಿದಳು. ಕಣ್ಣು ಮುಚ್ಚಿದಳು. ಎಡಗೈಯಲ್ಲಿ ಚಾಕು ಎತ್ತಿಕೊಂಡು ಬಿಚ್ಚಲು ನೋಡಿದಳು. ಮೊದಲನೆಯದಕ್ಕೆ ಉಗುರು ಹಾಕಿ ಎಳೆಯಬೇಕು, ಆಗಲಿಲ್ಲ. ಎರಡನೆಯದನ್ನು ಹೆಬ್ಬೆರಳಲ್ಲಿ ತಳ್ಳಬಹುದಿತ್ತು, ಬಲು ಬಿಗಿ. ಮೂರನೆಯದು ಸಲೀಸಾಗಿ ತೆರೆಯಿತು. ಒಳ್ಳೆಯ ಮಾಲು, ನಾನೇ ಹೊಗಳಿದೆ. ಆಕೆ ಅದರ ಮೊನೆಯನ್ನು ತನ್ನ ದವಡೆಯ ಕೆಳಗೆ ಮೆಲ್ಲಗೆ ತೂರಿಸಿ ನೋಡಿ ತೆಗೆದಿಟ್ಟಳು.

"ಇದು ಚುಚ್ಚುತ್ತೆ. ಅವಸರದಲ್ಲಿ ಗಂಟ್ಲಿಗೇ ಹೋಗ್ಬುಡುತ್ತೆ."

ಅಷ್ಟು ಹೊತ್ತಿಗೆ ನನ್ನ ನಗು ಇಂಗಿತ್ತು. ಈ ಹೆಂಗಸು ಚಾಕು ಕೊಳ್ಳುತ್ತಿಲ್ಲ, ಯಾವುದೋ ಒಂದು ಗಳಿಗೆಯನ್ನು ಮತ್ತೆ ಮತ್ತೆ ಮಾಡಿ ನೋಡುತ್ತಿದ್ದಾಳೆ ಎಂದು ನನ್ನಂಥ ದಡ್ಡನಿಗೂ ಹೊಳೆಯಿತು.

ಒಳಗಿನ ಡಬ್ಬಿಯಿಂದ ಕಸಿ ಕಟ್ಟುವವರ ಚಾಕು ತಂದು, ಬಿಚ್ಚಿ ಕೌಂಟರ್ ಮೇಲೆ ಇಟ್ಟೆ. ಮಾವಿನ ಸಸಿಗೆ ಕಸಿ ಮಾಡುವವರು ಒಯ್ಯುವಂಥದ್ದು. ಮಡಚಿದರೆ ಅಂಗೈಯೊಳಗೆ ಕೂರುತ್ತದೆ. ಅಲಗು ಕುಡುಗೋಲಿನ ಹಾಗೆ ಒಳಕ್ಕೆ ಬಾಗಿದೆ, ಹರಿತವೆಲ್ಲ ಬಾಗಿನ ಒಳಗೆ, ಹೊರಗಿನ ಬೆನ್ನು ಮೊಂಡು. ಆಕೆ ಅದನ್ನು ಕಾಲರಿನೊಳಗೆ ತೂರಿಸಿ ಹೊರಕ್ಕೆ ಎಳೆಯುವಂತೆ ಮಾಡಿದಳು. ಬೆನ್ನು ಚರ್ಮಕ್ಕೆ ತಾಗಿತು, ಹರಿತ ಬಟ್ಟೆಯ ಕಡೆಗಿತ್ತು.

"ಇದು," ಎಂದಳು. ಆದರೆ ಮಡಚಿ ಮತ್ತೆ ಬಿಚ್ಚಲು ನೋಡಿದರೆ ಎರಡು ಕೈ ಬೇಕು. ಅದನ್ನು ಕಂಡು ಆಕೆಯ ಮುಖ ಎಷ್ಟು ಬಾಡಿತೆಂದರೆ, ಗಿರಾಕಿ ಹೋದರೆ ಹೋಗಲಿ ಎನ್ನುವ ನಾನು ಡ್ರಿಲ್ ತೆಗೆದುಕೊಂಡು ಕೂತೆ. ಅಲಗಿನ ಬೆನ್ನಿನ ಹತ್ತಿರ ಸಣ್ಣ ತೂತು ಕೊರೆದು, ಹೆಬ್ಬೆರಳು ತಳ್ಳಲು ಒಂದು ಹಿತ್ತಾಳೆ ಸ್ಕ್ರೂ ಕೂರಿಸಿದೆ. ಎರಡು ಬಿಟ್ ಮುರಿದವು. ಕೀಲಿಗೆ ಎಣ್ಣೆ ಬಿಟ್ಟು, ಸಡಿಲ ಮಾಡಿ, ಸಾಣೆ ಹಿಡಿದು, ಮಡಚಿ ಕೌಂಟರ್ ಮೇಲೆ ಇಟ್ಟೆ.

ಆಕೆ ಎತ್ತಿಕೊಳ್ಳಲಿಲ್ಲ. ಅಂಗೈ ಚಾಚಿ ನಿಂತಳು.

"ಕೈಗೆ ಕೊಡಿ."

"ಹರಿತದ್ದು ಕೈಗೆ ಕೊಡಬಾರ್ದು ಕಣಮ್ಮ, ಗೊತ್ತಿಲ್ವಾ? ಮಾತು ಮುರಿಯುತ್ತೆ. ಎತ್ಕೊ."

ನಮ್ಮ ಕಡೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಚಾಕು, ಕತ್ತರಿ, ಕುಡುಗೋಲು ಯಾವುದೇ ಇರಲಿ, ಕೆಳಗೆ ಇಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಕೈಯಿಂದ ಕೈಗೆ ಹೋದರೆ ಇಬ್ಬರ ನಡುವೆ ಜಗಳ ಗ್ಯಾರಂಟಿ. ಎಂಟು ವರ್ಷದವನಿದ್ದಾಗ ಗಿರಾಕಿಯೊಬ್ಬರ ಕೈಗೆ ಮಚ್ಚು ಕೊಟ್ಟೆ ಎಂದು ಅಪ್ಪನಿಂದ ಕೆನ್ನೆಗೆ ತಿಂದಿದ್ದೇನೆ. ಇಷ್ಟು ವರ್ಷ ಇಷ್ಟು ಸಾವಿರ ಚಾಕು ಮಾರಿ ಒಂದನ್ನೂ ಯಾರ ಕೈಗೂ ಇಟ್ಟವನಲ್ಲ.

"ಗೊತ್ತಣ್ಣ," ಎಂದಳು ಬಸವಲಿಂಗಮ್ಮ. "ಅದು ಗೊತ್ತಿದ್ದುದ್ಕೇ ಕದರಮ್ಮ ಹೋದ್ಳು."

ಸ್ಟೂಲು ಕೊಟ್ಟೆ. ಕೂತಳು. ಕೂತು ಹೇಳಿದ್ದು ಇದು.

ಆ ಮಿಷನ್ನಿಗೆ ಇಬ್ಬರು ಬೇಕು. ಕದರಮ್ಮ ನಾರು ಕೊಡುವವಳು, ಬಸವಲಿಂಗಮ್ಮ ಹಗ್ಗ ಕತ್ತರಿಸಿ ಕಂತೆ ಕಟ್ಟುವವಳು. ಹದಿನಾಲ್ಕು ವರ್ಷ ಇಬ್ಬರೂ ಒಂದೇ ಮಿಷನ್, ಮಧ್ಯಾಹ್ನ ಒಂದೇ ಬುತ್ತಿ. ಕದರಮ್ಮನ ಮಗಳು ರೂಪಶ್ರೀ ಇವಳನ್ನು ದೊಡ್ಡಮ್ಮ ಎನ್ನುತ್ತಾಳೆ. ಜಗತ್ತಿನಲ್ಲಿ ಇವಳನ್ನು ನೆಂಟಸ್ತಿಕೆಯ ಹೆಸರಿನಿಂದ ಕರೆಯುವುದು ಅದೊಂದೇ ಜೀವ. ಮಿಷನ್ನಿಗೆ ಇದ್ದದ್ದು ಒಂದೇ ಚಾಕು, ಮುರಿದ ಕುಡುಗೋಲಿನ ತುಂಡಿಗೆ ಬಟ್ಟೆ ಸುತ್ತಿದ್ದು. ಉರುಳೆಗೆ ನಾರು ಸುತ್ತಿಕೊಂಡಾಗ ಕದರಮ್ಮನಿಗೆ ಬೇಕು, ಹಗ್ಗ ಕತ್ತರಿಸಲು ಇವಳಿಗೆ ಬೇಕು. ಇವಳು ನೆಲಕ್ಕೆ ಇಡುವಳು, ಅವಳು ಎತ್ತಿಕೊಳ್ಳುವಳು. ಅವಳು ಇಡುವಳು, ಇವಳು ಎತ್ತುವಳು. ದಿನಕ್ಕೆ ಮೂವತ್ತು ಸಲ.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಫ್ಯಾನ್ ಕೆಟ್ಟಿತ್ತು. ಸೆಕೆ ತಾಳಲಾರದೆ ಕದರಮ್ಮ, ಸೆರಗು ಹಾರದ ಹಾಗೆ ಸೀರೆಯ ಮೇಲೆ ಹಾಕುವ ಶರ್ಟು ಬಿಚ್ಚಿಟ್ಟಳು. ನಾರಿನ ಹೊರೆ ಎತ್ತಲು ಬಗ್ಗಿದಾಗ ಸೆರಗು ಹಿಂದಿನಿಂದ ಮಿಷನ್ನಿನ ತಿರುಗುವ ಸರಳಿಗೆ ಸುತ್ತಿಕೊಂಡಿತು. ಕುತ್ತಿಗೆ ಬಿಗಿಯಿತು. ಬಲಗೈ ಬಟ್ಟೆಗೂ ಗಂಟಲಿಗೂ ನಡುವೆ ಸಿಕ್ಕಿಕೊಂಡಿತು. ಮೇನ್ ಸ್ವಿಚ್ಚು ಇದ್ದದ್ದು ಶೆಡ್ಡಿನ ಆ ತುದಿಯ ಗೋಡೆಯಲ್ಲಿ.

"ಎಡಗೈ ನನ್ನ ಕಡೆ ಚಾಚಿದ್ಲು. ಬಾಯಲ್ಲಿ ಮಾತು ಬರ್‌ತಿರ್ಲಿಲ್ಲ. ಚಾಕು ನನ್ ಕೈಲೇ ಇತ್ತು. ಓಡೋಗಿ..." ಆಕೆ ನಿಲ್ಲಿಸಿದಳು. "ಓಡೋಗಿ ಅವ್ಳ ಕಾಲ ತಾವ ನೆಲಕ್ಕೆ ಇಟ್ಟೆ ಕಣಣ್ಣ."

ಕೌಂಟರ್ ಮೇಲಿನ ಚಾಕುವನ್ನೇ ನೋಡುತ್ತ ಮುಂದುವರಿಸಿದಳು.

"ನಾನೇ ಕುಯ್ಬೋದಿತ್ತು. ಅವ್ಳು ಕೈ ಚಾಚಿದ್ಲು, ಚಾಕು ಕೇಳವ್ಳೆ, ಇಟ್ಟೆ. ದಿನಾ ಇಟ್ಟಂಗೇ ಇಟ್ಟೆ. ಇಟ್ಬುಟ್ಟು ಅವ್ಳು ಎತ್ಕೊಳ್ಳಿ ಅಂತ ನಿಂತ್ಕಂಡೆ. ಬಗ್ಗಕ್ಕೆ ಅವ್ಳ ಕೈಲಿ ಎಲ್ಲಾಗುತ್ತೆ? ಚಾಕು ನೋಡುದ್ಲು, ನನ್ನ ನೋಡುದ್ಲು. ಆಮೇಲೆ ನಂಗೆ ಬುದ್ಧಿ ಬಂತು. ಎತ್ಕಂಡು ಕುಯ್ದೆ. ಅಷ್ಟೊತ್ತಿಗೆ ಕೈ ಕೆಳಕ್ಕೆ ಬಿದ್ದೋಗಿತ್ತು."

ಆಟೊ ಗುಬ್ಬಿ ಮುಟ್ಟುವ ಮೊದಲೇ ಕದರಮ್ಮ ಹೋದಳು. ಶರ್ಟು ಹಾಕಿರಲಿಲ್ಲ, ಅವಳದೇ ತಪ್ಪು ಎಂದು ಓನರ್ ಎಲ್ಲರ ಮುಂದೆ ಹೇಳಿದ. ಮಗಳಿಗೆ ಅದೇ ಕೆಲಸ ಕೊಡುತ್ತೇನೆ ಎಂದು ದೊಡ್ಡ ಮನಸ್ಸೂ ಮಾಡಿದ. ಕುಣಿಗಲ್ಲಿನ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ ರೂಪಶ್ರೀ, ಓದುತ್ತಿರುವ ತಮ್ಮನನ್ನು ನೋಡಿಕೊಳ್ಳಲು ಊರಿಗೆ ವಾಪಸು ಬಂದಿದ್ದಳು. ಒಪ್ಪಿಕೊಂಡಳು.

ನನಗೆ ಮೈಯೆಲ್ಲ ಉರಿಯಿತು. "ಆ ಸ್ವಿಚ್ನ ಈಗಲಾದ್ರೂ ಹತ್ರಕ್ಕೆ ಹಾಕ್ಸಿದ್ನಾ ನಿಮ್ ಓನರ್ರು? ಸರಳಿಗೆ ಒಂದು ಮುಚ್ಚಳ?"

"ಬೋರ್ಡ್ ಹಾಕ್ಸವ್ರೆ. ಸೆರಗು ಜೋಪಾನ ಅಂತ."

ಇಂಥವರನ್ನು ಏನು ಮಾಡಬೇಕು? ಒಂದು ತಗಡಿನ ಮುಚ್ಚಳ, ನಾಲ್ಕು ಬೋಲ್ಟು. ನನ್ನ ಅಂಗಡಿಯ ಮೂಲೆಯಲ್ಲಿ ಬಿದ್ದಿರುವ ಸಾಮಾನಿನಲ್ಲೇ ಆಗುವಂಥ ಕೆಲಸ. ನಾನು ಬೈದೆ, ಬಾಯಿಗೆ ಬಂದದ್ದೆಲ್ಲ ಬೈದೆ. ಬೈಗುಳ ಮುಗಿದ ಮೇಲೆ ನಾನು ಸಮಾಧಾನಕ್ಕಿಳಿದೆ. ಆ ಒಂದೆರಡು ಗಳಿಗೆಯಲ್ಲಿ ಏನಾಗುತ್ತಿತ್ತಮ್ಮ, ಹೋಗುವ ಜೀವ ಹೋಗುತ್ತದೆ ಎಂದೆ.

"ಅಂಗಂತ ನಿಮಗೆ ಗೊತ್ತಾ?" ಎಂದಳು.

ಗೊತ್ತಿಲ್ಲ ಎಂದೆ. ಸುಳ್ಳು ಹೇಳಲು ಆ ಮುಖ ಬಿಡಲಿಲ್ಲ.

"ಇವತ್ತು ಸಂಜೆ ಅವ್ಳ ಮನೆಗೋಗಿ ಚಾಕು ಕೈಗೆ ಕೊಡ್ತೀನಿ. ಯಾಕ್ ದೊಡ್ಡಮ್ಮ ಕೈಗೆ ಕೊಡ್ತೀಯ ಅಂತ ಕೇಳೇ ಕೇಳ್ತಾಳೆ. ಹೇಳ್ಬೇಕು."

"ಹೇಳ್ಬೇಡ ಬುಡಮ್ಮ," ಎಂದೆ. "ಯಾರೂ ನೋಡಿಲ್ಲ ತಾನೆ? ಇರೋದೊಂದು ಹುಡುಗಿ. ಅದನ್ನೂ ಯಾಕೆ ಕಳ್ಕೋತೀಯ?"

"ಅಲ್ಲಿ ಮಿಕ್ಕೋರು ಓಡ್ಬರೋ ಅಷ್ಟ್ರಲ್ಲಿ ಚಾಕು ನನ್ ಕೈಗೆ ಬಂದಿತ್ತು. ಯಾರೂ ನೋಡಿಲ್ಲ. ಕದರಮ್ಮ ನೋಡುದ್ಲಲ್ಲ." ಸ್ಟೂಲಿನಿಂದ ಎದ್ದು ಮತ್ತೆ ಅಂಗೈ ಚಾಚಿದಳು. "ಅದೂ ಅಲ್ದೆ, ಹೇಳ್ದೆ ಇದ್ರೆ ಅವ್ಳೂ ನೆಲುಕ್ಕೇ ಇಡ್ತಾಳೆ ಕಣಣ್ಣ. ಅವ್ರಮ್ಮ ಕಲ್ಸಿರೋದು ಅದ್ನೇ. ನಾಳಿಕ್ಕೆ ಅವ್ಳೋ ನಾನೋ, ಯಾರೋ ಒಬ್ರು ಸಿಕ್ಕಾಕೊಂಡ್ರೆ?"

ಚಾಕು ಎತ್ತಿಕೊಂಡೆ. ಕೊಡಲು ಕೈ ಮುಂದೆ ಬರಲಿಲ್ಲ, ನಿಜ ಹೇಳುತ್ತೇನೆ. ಅಪ್ಪ ಹಿಂದೆ ನಿಂತು ನೋಡುತ್ತಿರುವಂತೆ ಅನ್ನಿಸಿತು. ಒಬ್ಬ ಮುದಿ ಅಂಗಡಿಯವನಿಗೆ, ಯಾರೋ ಗೊತ್ತಿಲ್ಲದ ಹೆಂಗಸಿನೊಡನೆ ಮುರಿಯಲು ಯಾವ ಮಾತಿದೆ? ಆದರೂ ಚಾಕು ಹಿಡಿದ ಕೈ ಕೌಂಟರ್ ಕಡೆಗೇ ಇಳಿಯಿತು. ಹಾಗಿದ್ದ ಮೇಲೆ ಹದಿನಾಲ್ಕು ವರ್ಷ ಒಂದೇ ಬುತ್ತಿ ಉಂಡವಳು ಗಾಬರಿಯಲ್ಲಿ ನೆಲಕ್ಕೆ ಇಟ್ಟದ್ದನ್ನು ತಪ್ಪು ಎನ್ನಲು ನಾನ್ಯಾರು? ಆಕೆಯ ಅಂಗೈ ಮೇಲೆ ಇಟ್ಟೆ. ಆಕೆ ಬೆರಳು ಮಡಚಿ ಹಿಡಿದಳು, ಸೊಂಟದ ಎಲೆಅಡಿಕೆ ಚೀಲಕ್ಕೆ ಸೇರಿಸಿ ಗುಬ್ಬಿ ಬಸ್ಸಿಗೆ ಹೋದಳು.

ಮೂರು ತಿಂಗಳು ಸುದ್ದಿಯಿಲ್ಲ. ಶೆಟ್ಟಿಹಳ್ಳಿಯ ನನ್ನ ಮನೆಯಿಂದ ಅಂಗಡಿಗೆ ಬರುವ ದಾರಿಯಲ್ಲಿ ನಾರು ತುಂಬಿದ ಲಾರಿ ಕಂಡಾಗೆಲ್ಲ ನೆನಪಾಗುತ್ತಿತ್ತು. ಹುಡುಗಿ ಬಿಸಾಕಿರುತ್ತಾಳೆ ಎಂದುಕೊಳ್ಳುತ್ತಿದ್ದೆ. ತಾಯಿಯ ಸಾವಿನ ಕಥೆಯ ಜೊತೆ ಬಂದ ಚಾಕುವನ್ನು ಯಾರು ಇಟ್ಟುಕೊಳ್ಳುತ್ತಾರೆ? ಚಾಕು ಕೈಗೆ ಕೊಟ್ಟು ಕಳಿಸಿದವನು ನಾನೇ ಎಂದು ನನಗೂ ತಪ್ಪಿತಸ್ಥ ಭಾವನೆ.

ಮೊನ್ನೆ ಭಾನುವಾರ ಬಂದಳು. ಇನ್ನಷ್ಟು ಬಡವಾಗಿದ್ದಳು. ಸ್ಟೂಲು ತೋರಿಸಿದೆ, ಕೂರಲಿಲ್ಲ.

"ಹೇಳ್ದ್ಯಾ?" ಎಂದೆ.

"ಹೇಳ್ದೆ. ಕೈಗೆ ಕೊಟ್ಟು, ಎಲ್ಲಾ ಹೇಳ್ದೆ. ಕೇಳುಸ್ಕಂಡ್ಲು. ಎದ್ದು ಒಳಕ್ಕೋದ್ಲು. ಅವತ್ತಿಂದ ಮಾತಿಲ್ಲ."

"ಒಂದು ಮಾತೂ ಇಲ್ವಾ?"

"ಇಲ್ಲ. ಒಂದೇ ಮಿಷನ್ನು. ಅವ್ಳು ನಾರು ಕೊಡ್ತಾಳೆ, ನಾನು ಕುಯ್ತೀನಿ. ಬುತ್ತಿ ಆ ಮೂಲೇಲಿ ಕೂತ್ಕಂಡು ತಿಂತಾಳೆ. ದೊಡ್ಡಮ್ಮ ಅನ್ನಲ್ಲ. ಏ ಅಂತಾನೂ ಅನ್ನಲ್ಲ."

ನನ್ನ ಅಪ್ಪ ಹೇಳುತ್ತಿದ್ದದ್ದು ನಿಜವೇ ಆಯಿತು, ಮಾತು ಮುರಿಯಿತು. ನಾನು ತಲೆ ತಗ್ಗಿಸಿದೆ. ಹೊಸ ಚಾಕು ಬೇಕಿರಬೇಕು, ಹಳೆಯದು ಯಾವ ಮೋರಿಯಲ್ಲಿದೆಯೋ ಎಂದುಕೊಂಡು ಡಬ್ಬಿಗೆ ಕೈ ಹಾಕುವಷ್ಟರಲ್ಲಿ, ಬಸವಲಿಂಗಮ್ಮ ಎಲೆಅಡಿಕೆ ಚೀಲ ಬಿಚ್ಚಿದಳು. ಅದೇ ಕಸಿ ಚಾಕು. ನಾನು ಕೂರಿಸಿದ ಹಿತ್ತಾಳೆ ಸ್ಕ್ರೂ ಹೆಬ್ಬೆರಳು ತಿಕ್ಕಿ ತಿಕ್ಕಿ ಹೊಳೆಯುತ್ತಿತ್ತು. ಬಿಚ್ಚಿ ನೋಡಿದೆ. ಬಾಗಿನ ಒಳಗೆ ನಾರಿನ ಎಳೆಗಳು, ಹರಿತ ಪೂರ್ತಿ ಹೋಗಿತ್ತು. ದಿನಾ ಬಳಸಿದವರ ಚಾಕು.

"ನಿನ್ನೆ ಸಂಜೆ ಕೆಲಸ ಬುಟ್ಟಾಗ ಮುಂದಕ್ಕೆ ಬಂದು ನಿಂತ್ಕಂಡ್ಲು," ಎಂದಳು. "ಮುಖ ನೋಡ್ಲಿಲ್ಲ. ನನ್ ಕೈ ಹಿಡ್ದು, ಕೈಗೇ ಇಟ್ಟು ಹೊಂಟೋದ್ಲು. ಮೊಂಡಾಗೈತೆ ಅಂತಾನೂ ಹೇಳ್ಲಿಲ್ಲ. ನಾನೇ ಬಿಚ್ಚಿ ನೋಡ್ದೆ."

ಸಾಣೆಗೆ ಕೂತೆ. ಅರ್ಧ ಗಂಟೆಯ ಕೆಲಸ, ಒಂದು ಗಂಟೆ ಮಾಡಿದೆ. ಅಷ್ಟು ಹೊತ್ತೂ ಆಕೆ ನಿಂತೇ ಇದ್ದಳು. ಮುಗಿದಾಗ ಚಾಕು ಮಡಚಿದೆ. ಈ ಸಲ ಆಕೆ ಕೇಳುವ ಮೊದಲೇ ಕೈ ನೀಡಿ ಅಂಗೈಗೆ ಇಟ್ಟೆ.

"ಹನ್ನೊಂದೂವರೆ ಬಸ್ಸಿಗೆ ಹೋಗ್ತೀನಿ," ಎಂದಳು. "ನಾಳೆ ಏಳೂವರೆಗೆ ಮಿಷನ್ ಆನ್ ಮಾಡ್ತಾರೆ. ಅದ್ಕೆ ಮುಂಚೆ ಅವ್ಳ ಕೈಗೆ ಕೊಡ್ಬೇಕು."