ಇಂಗ್ಲಿಷ್ ಅಕ್ಷರದ ಕನ್ನಡ ಕಾಗದಗಳು

ಇನ್‌ಲ್ಯಾಂಡ್ ಲೆಟರಿನ ಅಂಚಿನ ಅಂಟಿಗೆ ಒಂದು ವಾಸನೆಯಿತ್ತು. ನಾಲಗೆಗೆ ತಾಗಿದರೆ ಸ್ವಲ್ಪ ಸಿಹಿ, ಸ್ವಲ್ಪ ಗಂಜಿ. ಮೊನ್ನೆ ಯಾವುದೋ ಲಕೋಟೆ ಮುಚ್ಚುವಾಗ ಅದೇ ವಾಸನೆ ಬಂದು, ಒಳಗೆ ಕಾಗದ ಹಾಕಿದೆನೋ ಇಲ್ಲವೋ ಎಂಬ ನನ್ನ ನಿತ್ಯದ ಆತಂಕವೂ ಒಂದು ಕ್ಷಣ ಮರೆತುಹೋಯಿತು. ಎರ್ನಾಕುಲಂನ ಬಾಡಿಗೆ ಮನೆಯ ವರಾಂಡ ಕಣ್ಣೆದುರು ಬಂತು. ಎರಡು ಸಾವಿರದ ಇಸವಿ ದಾಟಿದ ಮೊದಲ ವರ್ಷಗಳವು. ಅಪ್ಪ ಕೋರ್ಟಿನ ಕೆಲಸಕ್ಕೆಂದು ಕಾಸರಗೋಡಿನಿಂದ ಬಂದವರು. ಅಮ್ಮ ಕನ್ನಡದಲ್ಲಿ ಬೈದರೆ ನಾನು ಮಲಯಾಳದಲ್ಲಿ ಎದುರುತ್ತರ ಕೊಡುತ್ತಿದ್ದೆ. ಕನ್ನಡ ಓದಲು ಬರುತ್ತಿರಲಿಲ್ಲ. ಅದಕ್ಕೇ ತಿರುವನಂತಪುರದಲ್ಲಿದ್ದ ದೊಡ್ಡಪ್ಪ ನನಗೆ ವಾರಕ್ಕೊಂದು ಕನ್ನಡ ಕಾಗದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಿದ್ದರು.

ದೊಡ್ಡಪ್ಪ ಸರಕಾರಿ ಕಚೇರಿಯೊಂದರಲ್ಲಿ ಕನ್ನಡ ಅನುವಾದಕರು, ಒಂಟಿ. ದಿನವಿಡೀ ಕನ್ನಡ ಬರೆದು ಕೋಣೆಗೆ ಮರಳಿದರೆ ಅದನ್ನು ಆಡಲು ಜನವಿರಲಿಲ್ಲ. ರಜೆಗೆ ನಮ್ಮಲ್ಲಿಗೆ ಬಂದಾಗ ಆ ಬಾಕಿಯನ್ನೆಲ್ಲ ನನ್ನ ಮೇಲೆ ಸುರಿಯುತ್ತಿದ್ದರು. “ಈ ಇಂಗ್ಲಿಷ್ ಲಿಪಿ ಲ್ಯಾಟಿನ್ ಭಾಷೆಗೆ ಅಳತೆ ತೆಗೆದು ಹೊಲಿದ ಅಂಗಿ ಮಾರಾಯ್ತಿ. ಮಲೇಷ್ಯಾದವರಿಗೆ ಹಾಗೆಯೇ ಹಿಡಿಸಿತು. ತುರ್ಕರು ನಾಲ್ಕು ಗುಂಡಿ ಬದಲಿಸಿಕೊಂಡರು. ವಿಯೆಟ್ನಾಮಿನವರು ಮೇಲೆ ಟೋಪಿ, ಕೆಳಗೆ ಗೆಜ್ಜೆ ಕಟ್ಟಿದರು. ಇಂಗ್ಲಿಷರಿಗೆ ಸೈಜೇ ಸರಿ ಇಲ್ಲ, ಜಂಬ ಮಾತ್ರ ಉಂಟು!” “ಕನ್ನಡಕ್ಕೆ?” ಎಂದರೆ, “ಹೆಗಲಲ್ಲಿ ಬಿಗಿ” ಎನ್ನುತ್ತಿದ್ದರು. ಆ ಬಿಗಿ ಸಡಿಲಿಸಲೆಂದು ಅಕ್ಷರಗಳ ಮೇಲೆ ಗೆರೆ, ಕೆಳಗೆ ಚುಕ್ಕೆ ಇಡುತ್ತಿದ್ದರು. ಅವರ ಕಾಗದವೆಂದರೆ ಇರುವೆ ಹತ್ತಿದ ಸಕ್ಕರೆಯಂತೆ.

ಪ್ರತಿ ಕಾಗದದ ಕೊನೆಗೂ ಒಂದೇ ಬೇಡಿಕೆ: ನೀನೂ ಒಂದು ಕನ್ನಡದಲ್ಲಿ ಬರೆ. ನಾನು ‘ಡಿಯರ್ ಅಂಕಲ್, ಐ ಆ್ಯಮ್ ಫೈನ್’ ಎಂದು ಸಾಲುಗಳ ನಡುವೆ ಮೈದಾನದಷ್ಟು ಜಾಗ ಬಿಟ್ಟು ಪುಟ ತುಂಬಿಸುತ್ತಿದ್ದೆ. ಹನ್ನೊಂದನೇ ವಯಸ್ಸಿನಲ್ಲಿ ಒಮ್ಮೆ, ನಾಲ್ಕು ದಿನ ಒದ್ದಾಡಿ, ಅವರಂತೆಯೇ ಇಂಗ್ಲಿಷ್ ಅಕ್ಷರಗಳಲ್ಲಿ, ಕನ್ನಡದಲ್ಲೇ ಬರೆದೆ. ವಾರದೊಳಗೆ ಅದೇ ಕಾಗದ ವಾಪಸು ಬಂತು. ನಾನು ಬಿಟ್ಟ ಚುಕ್ಕೆ, ಗೆರೆಗಳನ್ನೆಲ್ಲ ಕೆಂಪು ಶಾಯಿಯಲ್ಲಿ ತುಂಬಿದ್ದರು. ಅಮ್ಮ ಅಪ್ಪನ ಮೇಲೆ ರೇಗಿದಳು: “ನಿಮ್ಮ ಅಣ್ಣನಿಗೆ ಎಂತ ಆಗಿದೆ? ಮಗುವಿನ ಕಾಗದವೂ ಆಫೀಸಿನ ಫೈಲಾ?” ದೊಡ್ಡಪ್ಪನ ಕೈಗೆ ಅದು ಪ್ರೀತಿಯ ಕೆಲಸವಾಗಿತ್ತೆಂದು ಈಗ ತಿಳಿಯುತ್ತದೆ. ಆಗ ನನಗೆ ಕಂಡದ್ದು ಫೇಲಾದ ಪರೀಕ್ಷೆ. ನಾನು ಮತ್ತೆ ಇಂಗ್ಲಿಷಿಗೆ ಹೋದೆ. ಅವರ ಮುಂದಿನ ಕಾಗದದಲ್ಲಿ ಚುಕ್ಕೆಯೂ ಇರಲಿಲ್ಲ, ಗೆರೆಯೂ ಇರಲಿಲ್ಲ. ‘ಹೇಗಾದರೂ ಬರೆ, ತಿದ್ದುವುದಿಲ್ಲ’ ಎಂದಿತ್ತು. ಅವರಂಥವರು ಎಷ್ಟು ಸೋತು ಅದನ್ನು ಬರೆದಿರಬೇಕು! ನಾನು ‘ಐ ಆ್ಯಮ್ ಫೈನ್’ ಎಂದೆ. ಆಮೇಲೆಯೂ, ವರ್ಷಗಟ್ಟಲೆ, ಅಷ್ಟೇ.

ನಾನು ಕಾಲೇಜಿನಲ್ಲಿದ್ದಾಗ ಅವರು ತೀರಿಕೊಂಡರು. ಕೋಣೆ ಖಾಲಿ ಮಾಡಲು ಅಪ್ಪನ ಜೊತೆ ಹೋಗಿದ್ದೆ. ಮನೆಯೊಡತಿ, ಮಗಳೇ ಎಂದು ಕರೆದು, ಮಲಯಾಳದಲ್ಲಿ ಹೇಳಿದರು: “ನಿನ್ನ ಕಾಗದ ಬಂದ ದಿನ ಸಾರ್ ಬಾಗಿಲು ಹಾಕಿಕೊಂಡು ಯಾರ ಜೊತೆಗೋ ಮಾತಾಡುತ್ತಿದ್ದರು ಮೋಳೇ. ನೆಂಟರು ಬಂದಿದ್ದಾರೆಂದು ಒಮ್ಮೆ ಎರಡು ಲೋಟ ಚಾಯ ಕೊಂಡುಹೋಗಿದ್ದೆ.” ಮೇಜಿನ ಖಾನೆಯಲ್ಲಿ ನನ್ನ ಕಾಗದಗಳಿದ್ದವು. ಕಚೇರಿಯ ಕರಡು ಪತ್ರಗಳಿಗೆ ಮಾಡುವಂತೆ, ನನ್ನ ಪ್ರತಿ ಇಂಗ್ಲಿಷ್ ಸಾಲಿನ ಕೆಳಗೂ ಪೆನ್ಸಿಲಿನಲ್ಲಿ ಕನ್ನಡ, ನನಗೆ ಓದಲು ಬರುವ ಇಂಗ್ಲಿಷ್ ಅಕ್ಷರಗಳಲ್ಲೇ. ‘ಡಿಯರ್ ಅಂಕಲ್’ ಕೆಳಗೆ ‘ಪ್ರೀತಿಯ ದೊಡ್ಡಪ್ಪನಿಗೆ’. ‘ಐ ಆ್ಯಮ್ ಫೈನ್’ ಕೆಳಗೆ ‘ನಾನು ಚೆನ್ನಾಗಿದ್ದೇನೆ. ನೀವು ಊಟ ಮಾಡಿದಿರಾ?’ ಮೂಲದಲ್ಲಿಲ್ಲದ ಒಂದು ಪದವನ್ನೂ ಎಂದೂ ಸೇರಿಸದ ಆ ಅನುವಾದಕರು, ನಾನು ಎಂದೂ ಕೇಳದ ಪ್ರಶ್ನೆಯನ್ನು ನನ್ನ ಬಾಯಲ್ಲಿ ಕೇಳಿಸಿಕೊಂಡಿದ್ದರು. ಅಪ್ಪ ಆಟೋ ತರಲು ಕೆಳಗಿಳಿದಿದ್ದರು. ಆ ಖಾಲಿ ಕೋಣೆಯಲ್ಲಿ ನಾನು ಪೆನ್ಸಿಲಿನ ಸಾಲುಗಳನ್ನು ಗಟ್ಟಿಯಾಗಿ, ನನ್ನ ಮಲಯಾಳದ ರಾಗದಲ್ಲೇ, ಒಂದೊಂದಾಗಿ ಓದತೊಡಗಿದೆ.